ಉಡಿಗಾಯಿ

ಯಂತ್ರ ತಪ್ಪಿರಬಹುದು. ಅದು ನೋಡುವುದನ್ನು ಕಲಿತದ್ದು ಬೇರೆ ದೇಶದ ಬೇರೆ ಕಾಯಿಗಳ ಮೇಲೆ. ಇಲ್ಲಿಯ ಬ್ಯಾಡಗಿ ಮೆಣಸಿನಕಾಯಿಯ ನೆರಿಗೆ, ಇಲ್ಲಿಯ ಧೂಳು, ಇಲ್ಲಿಯ ಬಿಸಿಲು ಅದಕ್ಕೆ ಹೊಸತು. ಆದರೆ ಇಲ್ಲಿಯದನ್ನು ಅದಕ್ಕೆ ಮತ್ತೆ ಕಲಿಸಿದವನು ತಾನೇ ಅಲ್ಲವೇ? ಹಾಗಿದ್ದರೆ ತಪ್ಪಿದವನು ತಾನು. ಹಾಗಾದರೂ ಆಗಲಿ, ಎಂದುಕೊಂಡ ಫಕ್ಕೀರೇಶ. ತಾನು ತಪ್ಪಿದ್ದರೆ ಎಷ್ಟು ಚೆನ್ನಾಗಿತ್ತು.

ಅವನ ಮುಂದೆ ಗಂಗಾಳದಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ, ಪಕ್ಕದಲ್ಲಿ ಎಣ್ಣೆ ಹಾಕಿ ಕಲಸಿದ ಕೆಂಪು ಖಾರ. ಖಾರ ಅಷ್ಟು ಕೆಂಪಗೆ ಇರುವುದನ್ನು ಅವನು ಚಿಕ್ಕಂದಿನಲ್ಲಿ ನೋಡಿರಲಿಲ್ಲ. ಆಗ ಮನೆಯ ಖಾರ ಇಟ್ಟಂಗಿ ಪುಡಿಯ ಬಣ್ಣದ್ದಿತ್ತು.

"ಯಾಕೋ, ಖಾರ ಮುಟ್ಟವಲ್ಲಿ?" ಒಲೆಯ ಮುಂದಿನಿಂದ ಅಕ್ಕ ನೀಲವ್ವ ಕೇಳಿದಳು.

"ಹೊಟ್ಟಿ ಉರೀತೈತಿ ಅಕ್ಕಾ."

"ದಿನಾ ಆ ಯಂತ್ರದ ಪೆಟ್ಟಿಗಿ ನೋಡಿದ್ರ ಕಣ್ಣು ಉರೀಬೇಕು. ಹೊಟ್ಟಿ ಯಾಕ ಉರೀತೈತೋ ನಿನಗ?" ಅವಳು ನಕ್ಕು ಇನ್ನೊಂದು ರೊಟ್ಟಿ ತಂದು ಹಾಕಿದಳು. "ಇಂಥಾ ಕಾಯಿ ಸಾವ್ಕಾರ್ರ ಮನ್ಯಾಗೂ ಇರೂದಿಲ್ಲ, ತಿನ್ನು."

ತಾಯಿ ಸತ್ತಾಗ ಫಕ್ಕೀರೇಶ ಕನ್ನಡ ಶಾಲೆಯಲ್ಲಿದ್ದ. ನೀಲವ್ವ ಆಗತಾನೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಸಾಹುಕಾರ ಶಿವಪುತ್ರಪ್ಪನವರ ವಖಾರಿಯಲ್ಲಿ, ಆ ದೊಡ್ಡ ಗೋದಾಮಿನಲ್ಲಿ, ಮೆಣಸಿನಕಾಯಿ ಆರಿಸಿ, ತೊಟ್ಟು ಮುರಿದು, ಉರಿಯುವ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಅವನನ್ನು ಭೌತಶಾಸ್ತ್ರದ ಎಂ.ಎಸ್ಸಿ. ತನಕ ಓದಿಸಿದವಳು ಅವಳು. ಓದು ಮುಗಿದ ಮೇಲೆ ಅವನು ಎಲ್ಲಿಗೂ ಹೋಗಲಿಲ್ಲ. ಅದೇ ವಖಾರಿಗೆ ಯಂತ್ರ ಬಂತು, ಯಂತ್ರದ ಕೋಣೆಗೆ ಅವನು ಬಂದ. ಅಕ್ಕ ಕೆಳಗೆ, ತಮ್ಮ ಮೇಲೆ, ನಡುವೆ ಒಂದು ಗಾಜು.

ಅವನು ಖಾರವನ್ನು ರೊಟ್ಟಿಯ ತುದಿಯಿಂದ ಗಂಗಾಳದ ಅಂಚಿಗೆ ಸರಿಸಿದ. ಅದರೊಳಗಿನ ವಿಷ ಹುರಿದರೆ ಸಾಯುವುದಿಲ್ಲ. ಕುದಿಸಿದರೂ ಸಾಯುವುದಿಲ್ಲ. ಇದು ಅವನಿಗೆ ಗೊತ್ತಿತ್ತು.

* * *

ಮನುಷ್ಯನ ಕಣ್ಣು ಮೂರು ಕಿಟಕಿಗಳಿಂದ ಜಗತ್ತನ್ನು ನೋಡುತ್ತದೆ. ಕೆಂಪು, ಹಸಿರು, ನೀಲಿ. ಉಳಿದ ಬಣ್ಣಗಳೆಲ್ಲ ಈ ಮೂರರ ಬೆರಕೆ. ವಖಾರಿಯ ಬೆಲ್ಟಿನ ಮೇಲೆ ತೂಗುಹಾಕಿದ್ದ ಕಪ್ಪು ಪೆಟ್ಟಿಗೆಗೆ ನೂರಾರು ಕಿಟಕಿಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಕೆಂಪಿನ ಆಚೆಗೆ, ನಮ್ಮ ಕಣ್ಣಿಗೆ ಕಾಣದ ಬೆಳಕಿಗೆ ತೆರೆದಂಥವು. ನೀರು ಒಂದು ಜಾಗದಲ್ಲಿ ಬೆಳಕನ್ನು ನುಂಗುತ್ತದೆ, ಎಣ್ಣೆ ಇನ್ನೊಂದು ಜಾಗದಲ್ಲಿ, ಬೂಷ್ಟು ಮತ್ತೊಂದು ಜಾಗದಲ್ಲಿ. ಬೆಲ್ಟಿನ ಮೇಲೆ ಓಡುವ ಪ್ರತಿಯೊಂದು ಕಾಯಿಯ ಪ್ರತಿಯೊಂದು ಚುಕ್ಕೆಗೂ ಪೆಟ್ಟಿಗೆ ಒಂದು ಗೆರೆ ಬರೆಯುತ್ತಿತ್ತು. ಆ ಗೆರೆ ಎಲ್ಲಿ ತಗ್ಗಿತು, ಎಲ್ಲಿ ಎದ್ದಿತು ಎಂಬುದರಿಂದ ಕಾಯಿಯ ಒಳಗೇನಿದೆ ಎಂದು ತಿಳಿಯುತ್ತಿತ್ತು. ಬೇಡವಾದ ಕಾಯಿಗೆ ಗಾಳಿಯ ಒಂದು ಹೊಡೆತ, ಅದು ಕೆಳಗಿನ ತೊಟ್ಟಿಗೆ. ಉಳಿದದ್ದು ಮುಂದಕ್ಕೆ, ಹೊರದೇಶಕ್ಕೆ ಹೋಗುವ ಹಡಗಿಗೆ.

ಯಂತ್ರ ಬೇಕಾದದ್ದು ಒಳಬೂಷ್ಟಿನಿಂದ. ಚಳಿಗಾಲ ಕೆಟ್ಟು, ಕಾಯಿ ಹಣ್ಣಾಗುವ ಹೊತ್ತಿಗೆ ಮಂಜು ಬೀಳಲು ಶುರುವಾದ ಮೇಲೆ ಹುಟ್ಟಿದ ಬೂಷ್ಟು ಅದು. ಹಳೆಯ ಬೂಷ್ಟು ಕಾಯಿಯ ಮೈಮೇಲೆ ಬೂದಿಯಂತೆ ಕಾಣುತ್ತಿತ್ತು, ಮೂಗಿಗೂ ಬಡಿಯುತ್ತಿತ್ತು. ಇದು ಬೀಜದ ಸುತ್ತ ನೂಲಿನಷ್ಟೂ ಕಾಣದಂತೆ ಕೂಡುತ್ತಿತ್ತು. ಗಿಡ ಅದರ ಜೊತೆ ಹೋರಾಡಲು ತನ್ನಲ್ಲಿದ್ದ ಬಣ್ಣವನ್ನೆಲ್ಲ ಸಿಪ್ಪೆಗೆ ಸುರಿಯುತ್ತಿತ್ತು. ಹಾಗಾಗಿ ರೋಗ ಹೆಚ್ಚಾದಷ್ಟೂ ಕಾಯಿ ಕೆಂಪು. ಖಾರಕ್ಕಲ್ಲ, ಬಣ್ಣಕ್ಕೆ ಹೆಸರಾದ ಕಾಯಿ ಇದು. ಬಣ್ಣ ನೋಡಿ ಆರಿಸುವ ಕಣ್ಣು ಈಗ ಕೆಟ್ಟದ್ದನ್ನೇ ಆರಿಸತೊಡಗಿತ್ತು.

ವಖಾರಿಯಲ್ಲಿ ಹಳೆಯ ಪದ್ಧತಿಯೊಂದಿತ್ತು. ಶನಿವಾರ ಸಂಜೆ ಕೆಲಸ ಬಿಟ್ಟು ಹೋಗುವಾಗ ಪ್ರತಿ ಹೆಣ್ಣುಮಗಳೂ ಆರಿಸಿ ಎಸೆದ ಕಾಯಿಯಲ್ಲಿ ಒಂದು ಉಡಿಯಷ್ಟನ್ನು ಸೆರಗಿನಲ್ಲಿ ತುಂಬಿಕೊಂಡು ಹೋಗಬೇಕು. ಅದು ಕೂಲಿಯ ಲೆಕ್ಕದ ಹೊರಗಿನದು. ಶಿವಪುತ್ರಪ್ಪನವರ ಅಜ್ಜಿ ಬದುಕಿದ್ದಾಗ ಇಲ್ಲಿ ಶುರುವಾಗಿ ಪೇಟೆಯ ಉಳಿದ ವಖಾರಿಗಳಿಗೂ ಹಬ್ಬಿದ್ದಂತೆ. ದುಡಿದ ಹೆಣ್ಣು ಬರಿ ಉಡಿಯಲ್ಲಿ ಹೊಸ್ತಿಲು ದಾಟಬಾರದು ಎಂದು. ಅದಕ್ಕೆ ಉಡಿಗಾಯಿ ಎಂದೇ ಹೆಸರು. ಕೈಯಿಂದ ಆರಿಸುತ್ತಿದ್ದ ಕಾಲದಲ್ಲಿ ಅದು ಬಿಳಚಿದ, ಮುರುಟಿದ, ಬಿಸಿಲು ಸಾಲದ ಕಾಯಿ. ನೋಡಲು ಸೊರಗಿದ್ದರೂ ತಿನ್ನಲು ಏನೂ ಆಗುತ್ತಿರಲಿಲ್ಲ.

ಯಂತ್ರ ಬಂದ ಮೊದಲ ಶನಿವಾರ ತೊಟ್ಟಿಯ ಮುಂದೆ ಹೆಂಗಸರು ಸುಮ್ಮನೆ ನಿಂತುಬಿಟ್ಟಿದ್ದರು. ತೊಟ್ಟಿ ತುಂಬ ಉದ್ದನೆಯ, ಮಿಂಚುವ, ಕಡುಗೆಂಪು ಕಾಯಿ. ಮದುವೆ ಮನೆಗೆ ಒಯ್ಯುವಂಥದ್ದು.

"ಪೆಟ್ಟಿಗಿಗೆ ಹುಚ್ಚು ಹಿಡದೈತಿ, ಬರ್ರೆಬೇ ಲಗೂನ," ಅಂದಿದ್ದಳು ಮಾಬೂಬಿ. ನೀಲವ್ವನ ಜೊತೆಯಲ್ಲಿ ಅಷ್ಟೂ ವರ್ಷ ಒಂದೇ ಗೋಣಿಚೀಲದ ಮೇಲೆ ಕೂತು ತೊಟ್ಟು ಮುರಿದವಳು ಅವಳು. "ಅದಕ್ಕ ಬುದ್ಧಿ ಬರೂದ್ರೊಳಗ ತುಂಬ್ಕೊಳ್ಳೂನು." ಮೇಲೆ ಗಾಜಿನ ಕಡೆ ಮುಖ ಎತ್ತಿ, "ಪೆಟ್ಟಿಗಿ ಸಾಹೇಬ್ರ, ಹಿಂಗ ಹುಚ್ಚು ಇರ್ಲಿ ಅದಕ್ಕ, ಔಷಧ ಗಿವಷಧ ಕೊಡಬ್ಯಾಡ್ರಿ," ಎಂದಿದ್ದಳು.

ಫಕ್ಕೀರೇಶನೂ ಅಂದು ನಕ್ಕಿದ್ದ. ಯಂತ್ರ ಅತಿ ಎಚ್ಚರದಿಂದ ಒಳ್ಳೆಯದನ್ನೂ ಎಸೆಯುತ್ತಿದೆ ಎಂದೇ ಅವನೂ ತಿಳಿದಿದ್ದ. ಮುಂದಿನ ಸುಗ್ಗಿಯಲ್ಲಿ ಯಾಕೋ ಒಂದು ಬೊಗಸೆ ತೊಟ್ಟಿಯ ಕಾಯಿಯನ್ನು ಪುಡಿ ಮಾಡಿ, ಬೂಷ್ಟಿನ ವಿಷ ಪರೀಕ್ಷಿಸಲು ವಖಾರಿಯಲ್ಲೇ ಇದ್ದ ಕಾಗದದ ಪಟ್ಟಿಯನ್ನು ಅದರ ನೀರಿನಲ್ಲಿ ಅದ್ದಿದ. ವಿಷವಿದ್ದರೆ ಪಟ್ಟಿಯ ಮೇಲೆ ನಿಧಾನವಾಗಿ ಗೆರೆ ಬರಬೇಕಿತ್ತು, ಅದ್ದುತ್ತಿದ್ದಂತೆಯೇ ಬಂತು. ನೀರು ಬೆರೆಸಿ ತಿಳಿಮಾಡಿ ಮತ್ತೆ ನೋಡಿದ. ಮತ್ತೆ ಬಂತು. ಕುರ್ಚಿಯ ಮೇಲೆ ಕೂತು ಬಹಳ ಹೊತ್ತು ಬೆಲ್ಟನ್ನೇ ನೋಡಿದ. ಮೊದಲು ನೂರು ಚೀಲದಲ್ಲಿ ಹಂಚಿಹೋಗುತ್ತಿದ್ದ ವಿಷವನ್ನು ಪೆಟ್ಟಿಗೆ ಒಂದೊಂದಾಗಿ ಹೆಕ್ಕಿ ಒಂದೇ ಚೀಲಕ್ಕೆ ತುಂಬುತ್ತಿತ್ತು. ಅದು ವಿಷವನ್ನು ಇಲ್ಲವಾಗಿಸುತ್ತಿರಲಿಲ್ಲ. ಒಟ್ಟುಮಾಡುತ್ತಿತ್ತು. ಒಟ್ಟುಮಾಡಿದ್ದನ್ನು ಶನಿವಾರ ಹೆಂಗಸರು ಉಡಿಯಲ್ಲಿ ಒಯ್ಯುತ್ತಿದ್ದರು.

ಅಂದು ಮನೆಗೆ ಬಂದಾಗಲೇ ಅಕ್ಕ ಆ ಖಾರವನ್ನು ಗಂಗಾಳದಲ್ಲಿ ಬಡಿಸಿದ್ದು.

* * *

ಶಿವಪುತ್ರಪ್ಪನವರು ಕೆಟ್ಟವರಲ್ಲ. ಅದೇ ಕಷ್ಟವಾಗಿತ್ತು. ಫಕ್ಕೀರೇಶ ಹೇಳಿದ್ದನ್ನೆಲ್ಲ ಅವರು ಗಾದಿಗೆ ಒರಗದೆ, ನೆಟ್ಟಗೆ ಕೂತು ಕೇಳಿದರು.

"ಸುಟ್ಟುಬಿಡ್ರಿ," ಎಂದ ಫಕ್ಕೀರೇಶ.

"ಹೆಂಗ ಸುಡ್ಲೋ? ಒಂದು ಕಾಯಿ ಒಲಿಗೆ ಬಿದ್ರ ಓಣಿಯೆಲ್ಲಾ ಕೆಮ್ಮತೈತಿ. ಚೀಲಗಟ್ಟಲೆ ಸುಟ್ರ ಊರು ಬಿಟ್ಟು ಓಡಬೇಕು."

"ಹುಗೀರಿ."

"ಹ್ವಾದ ವರ್ಷ ಉಡಿ ತುಂಬಿ ಉಳದದ್ದನ್ನ ಹುಗಿಸಿದ್ದೆ. ಮರುದಿನ ನೋಡಿದ್ರ ಕುಣಿ ಖಾಲಿ. ಕೆಂಪು ಕಾಯಿ ಹುಗದ್ರ ಹುಗದಂಗಲ್ಲಪಾ, ಇಟ್ಟಂಗ."

"ಹಂಗಾದ್ರ ಕಾರಣ ಹೇಳಿ ಉಡಿ ನಿಲ್ಲಸ್ರಿ."

ಸಾಹುಕಾರರು ಕನ್ನಡಕ ತೆಗೆದು ಒರೆಸಿಕೊಂಡರು. "ಕಾರಣ ಹೇಳಿದೆ ಅಂತ ತಿಳಕೊ. ನಮ್ಮೂರ ಕಾಯಾಗ ವಿಷ ಐತಿ ಅಂತ ನಾನ ಡಂಗುರ ಹೊಡದಂಗಾತು. ನಾಳೆ ಪ್ಯಾಟಿಗೆ ಯಾವ ಗಾಡಿ ಬರತೈತಿ? ನಿಮ್ಮಕ್ಕ ಯಾವ ವಖಾರಿಗೆ ಹೋಗ್ತಾಳ?" ದನಿ ತಗ್ಗಿಸಿ ಹೇಳಿದರು: "ನೀ ಹೇಳೂಕಿಂತ ಮೊದಲ ನನಗೂ ಸಂಶೇ ಬಂದಿತ್ತು. ನಮ್ಮ ಮನ್ಯಾಗಿನಾಕಿಗೆ ಹೇಳೀನಿ, ಆ ಕಾಯಿ ಬ್ಯಾಡ ಅಂತ. ಬಣ್ಣ ನೋಡಿ ಕೇಳವಲ್ಲಳು. ನೀನ ಹೇಳಿ ನೋಡು ಹೆಣ್ಣಮಕ್ಕಳಿಗೆ. ಅಲ್ಲಿಂದಲ್ಲಿಗೆ ತಿಳದ್ರ ತಿಳೀಲಿ."

ಅವನು ಹೇಳಿ ನೋಡಿದ. ಚಹಾದ ಹೊತ್ತಿನಲ್ಲಿ ಕೆಳಗಿಳಿದು ಹೋಗಿ, ತೊಟ್ಟಿಯಿಂದ ಒಂದು ಕಾಯಿ ತೆಗೆದು ಅವರ ನಡುವೆ ನಿಂತು ಸೀಳಿದ.

"ಇದರಾಗ ಬೂಷ್ಟು ಐತ್ರಿ. ತಿಂದ್ರ ಲಿವರ್ ಹಾಳಾಗತೈತಿ. ಇವತ್ತಲ್ಲ, ನಾಳೆ ಅಲ್ಲ, ನಾಕೈದು ವರ್ಷದಾಗ."

ಮಾಬೂಬಿ ಅವನ ಕೈಯಿಂದ ಸೀಳು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಬೀಜ ಹಳದಿಯಾಗಿ, ಒಣಗಿ, ಚೊಕ್ಕವಾಗಿ ಸಾಲುಗಟ್ಟಿದ್ದವು. "ಎಲ್ಲೈತಿ?"

"ಕಣ್ಣಿಗೆ ಕಾಣೂದಿಲ್ಲ."

"ವಾಸನಿ?"

"ಬರೂದಿಲ್ಲ."

"ಕಣ್ಣಿಗೆ ಕಾಣೂದಿಲ್ಲ, ಮೂಗಿಗೆ ಬರೂದಿಲ್ಲ, ನಾಲಿಗಿಗೆ ಹತ್ತೂದಿಲ್ಲ. ಇದು ಬೂಷ್ಟಲ್ಲ ತಮ್ಮಾ, ದೆವ್ವ. ತಾಯತ ಕಟ್ಟಸ್ರಿ ಪೆಟ್ಟಿಗಿಗೆ."

ಎಲ್ಲರೂ ನಕ್ಕರು. ನಗು ಇಳಿದ ಮೇಲೆ ಹಿಂದಿನಿಂದ ಯಾರೋ ಕೇಳಿದರು, "ಬಿಳೀ ಕಾಯಿ ಇದ್ದಾಗ ಯಾರೂ ವಿಷ ಅನ್ನಲಿಲ್ಲ. ಕೆಂಪು ಬಂದ ಕೂಡ್ಲೆ ವಿಷ ಬಂತು. ಸಾವ್ಕಾರ್ರು ಕಳಿಸ್ಯಾರೇನು ನಿನ್ನ?" ಈ ಸಲ ಯಾರೂ ನಗಲಿಲ್ಲ. ನೀಲವ್ವ ತನ್ನ ಚಹಾದ ಬಟ್ಟಲನ್ನು ನೆಲದ ಮೇಲಿಟ್ಟು ಎದ್ದು ಹೋದಳು. ಬಟ್ಟಲಿನಲ್ಲಿ ಚಹಾ ಹಾಗೇ ಇತ್ತು.

ಮನೆಯಲ್ಲಿ ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಕಸಬರಿಗೆ ಹಿಡಿದು ಪಡಸಾಲೆ ಗುಡಿಸುತ್ತ, ಅವನ ಕಡೆ ನೋಡದೆ ಹೇಳಿದಳು.

"ನೀ ಹುಟ್ಟೂಕಿಂತ ಮೊದಲಿಂದ, ಅವ್ವನ ಕೂಡ, ಕಾಯಿ ಆರಿಸೀನಿ ನಾನು. ಕೈಯಾಗ ಹಿಡದ್ರ ಗೊತ್ತಾಗತೈತಿ ನನಗ, ಯಾವ್ದು ಚಲೋ ಯಾವ್ದು ಕೆಟ್ಟದ್ದು ಅಂತ."

"ಇದು ಕೈಗೆ ಗೊತ್ತಾಗೂದಲ್ಲ ಅಕ್ಕಾ."

"ಹಂಗಾದ್ರ ನನ್ನ ಕೈ ಸುಳ್ಳೇನು?"

ಅವನಿಗೆ ಉತ್ತರ ಗೊತ್ತಿತ್ತು. ಸುಳ್ಳಲ್ಲ, ಕಾಯಿ ಬದಲಾಗಿದೆ, ನಿನ್ನ ಕೈ ಮೊದಲಿನಂತೆಯೇ ಇದೆ. ಆದರೆ ಹಾಗೆ ಹೇಳಿದರೂ ಅರ್ಥ ಅದೇ ಆಗುತ್ತಿತ್ತು. ಆ ಕೈ ಅವನನ್ನು ಸಾಕಿತ್ತು. ಅವನು ಎದ್ದು ನೀರು ಕುಡಿದು ಬಂದ. ಅಷ್ಟರಲ್ಲಿ ಪಡಸಾಲೆ ಗುಡಿಸುವುದು ಮುಗಿದಿತ್ತು.

* * *

ಆಮೇಲೆ ಸ್ವಲ್ಪ ಕಾಲ ಅವನಿಗೆ ಒಂದು ಆಸೆ ಹುಟ್ಟಿತು. ಯಂತ್ರಕ್ಕೆ ಎರಡೇ ಬಾಗಿಲು ಯಾಕಿರಬೇಕು? ಒಳ್ಳೆಯದು, ಕೆಟ್ಟದ್ದು. ಮೂರನೆಯದನ್ನು ಮಾಡಿದರೆ? ಬೂಷ್ಟಿಲ್ಲದ, ಆದರೆ ಹಡಗಿಗೆ ಸಲ್ಲದ ಬಿಳಿಗಾಯಿಯನ್ನು ಬೇರೆ ತೊಟ್ಟಿಗೆ ಬೀಳಿಸಬಹುದು. ಹಳೆಯ ಉಡಿಗಾಯಿಯೇ ಅದು. ರೋಗದ ಕೆಂಪು ಕಾಯಿ ಮುಚ್ಚಿದ ಡಬ್ಬಿಗೆ. ಅದರ ಮೇಲೆ ಸುಣ್ಣದ ತಿಳಿ ಸುರಿದರೆ ಯಾರೂ ಮುಟ್ಟುವುದಿಲ್ಲ.

ಅವನು ಒಂದಿಡೀ ಮಳೆಗಾಲ ಅದಕ್ಕೆ ಕೂತ. ಬಿಳಚಿದ ಕಾಯಿಯ ಗೆರೆ, ಕೊಳೆತ ಕಾಯಿಯ ಗೆರೆ, ಬಿಸಿಲು ಸಾಲದ ಕಾಯಿಯ ಗೆರೆ ಎಲ್ಲವನ್ನೂ ಬೇರೆಬೇರೆ ಕಲಿಸಿದ. ಗಾಳಿಯ ಕೊಳವೆಗಳ ಇನ್ನೊಂದು ಸಾಲು ಕೂಡಿಸಿದ. ಶಿವಪುತ್ರಪ್ಪನವರು ಬೇಡ ಎನ್ನಲಿಲ್ಲ. ಸುಗ್ಗಿಯ ಮೊದಲ ದಿನ ಮೂರು ತೊಟ್ಟಿಗೂ ಮೂರು ಬಗೆಯ ಕಾಯಿ ಬೀಳುತ್ತಿದ್ದುದನ್ನು ಗಾಜಿನ ಆಚೆಯಿಂದ ನೋಡುತ್ತ ಅವನು ಒಬ್ಬನೇ ಮೆಲ್ಲಗೆ ಸಿಳ್ಳೆ ಹಾಕಿದ. ಮಧ್ಯದ ತೊಟ್ಟಿಯ ಪುಡಿಯಲ್ಲಿ ಪಟ್ಟಿ ಅದ್ದಿದರೆ ಗೆರೆಯೇ ಬರಲಿಲ್ಲ.

ಶನಿವಾರ ಹೆಂಗಸರು ಮಧ್ಯದ ತೊಟ್ಟಿಯ ಮುಂದೆ ಸಾಲಾಗಿ ಬಂದರು. ಬಿಳಿಗಾಯಿಯನ್ನು ನೋಡಿದರು. ಮುಚ್ಚಿದ ಡಬ್ಬಿಯ ಸಂದಿಯಲ್ಲಿ ಕಾಣುತ್ತಿದ್ದ ಕೆಂಪನ್ನೂ, ಅದರ ಮೇಲೆ ಸುರಿದ ಸುಣ್ಣವನ್ನೂ ನೋಡಿದರು. ಮೊದಲು ಮುಂದೆ ಬಂದವಳು ನೀಲವ್ವ. ಬಗ್ಗಿ ಒಂದು ಉಡಿ ತುಂಬಿಕೊಂಡಳು. ಫಕ್ಕೀರೇಶನ ಎದೆ ತುಂಬಿ ಬಂತು. ಅವಳು ನಾಲ್ಕು ಹೆಜ್ಜೆ ನಡೆದು ಶಿವಪುತ್ರಪ್ಪನವರ ಬಾಗಿಲ ಮುಂದೆ ನಿಂತು, ಸೆರಗಿನ ತುದಿ ಬಿಟ್ಟುಬಿಟ್ಟಳು. ಕಾಯಿ ಎಲ್ಲ ಹೊಸ್ತಿಲ ಮೇಲೆ ಚೆಲ್ಲಿದವು.

"ಇದನ್ನ ದನಕ್ಕ ಹಾಕ್ರಿ," ಅಂದಳು. "ಕೆಂಪು ಸುಣ್ಣಕ್ಕ ಹಾಕೂದಾದ್ರ, ಬಿಳೀದು ದನಕ್ಕ ಹಾಕ್ರಿ."

ತುಂಬಿದ ಉಡಿಯನ್ನು ಹೊಸ್ತಿಲ ಮೇಲೆ ಸುರಿದು ಹೋಗುವುದನ್ನು ಆ ವಖಾರಿ ಎಂದೂ ಕಂಡಿರಲಿಲ್ಲ. ಶಿವಪುತ್ರಪ್ಪನವರು ಎದ್ದು ನಿಂತರು. ಹಿಂದೆ ನಿಂತವರೆಲ್ಲ ಖಾಲಿ ಸೆರಗು ಕೊಡವಿಕೊಂಡು ಹೊರಟುಹೋದರು. ಸೋಮವಾರ ಒಬ್ಬರೂ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬೆಲ್ಟಿಗೆ ಕಾಯಿ ಹರಡುವವರಿಲ್ಲದೆ ಪೆಟ್ಟಿಗೆ ಬರಿಯ ಕಪ್ಪು ರಬ್ಬರನ್ನು ನೋಡುತ್ತ ತಿರುಗಿತು. ಅಂಥದೇ ಯಂತ್ರವಿದ್ದ ಪಕ್ಕದ ವಖಾರಿಗಳಲ್ಲಿ ಕೆಂಪು ಉಡಿ ನಡೆದೇ ಇತ್ತು.

"ಪೆಟ್ಟಿಗಿಗೆ ಮೊದಲಿನಂಗ ಹೇಳಪಾ," ಎಂದರು ಶಿವಪುತ್ರಪ್ಪನವರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಫಕ್ಕೀರೇಶ ಮೂರನೆಯ ಬಾಗಿಲು ಮುಚ್ಚಿದ. ಅದಕ್ಕೆ ಎರಡು ಗುಂಡಿ ಒತ್ತಿದರೆ ಸಾಕಾಗಿತ್ತು.

ಆ ಶನಿವಾರ ಸಂಜೆ ಗಾಜಿನಲ್ಲಿ ಅವನಿಗೆ ಅಕ್ಕ ಕಂಡಳು. ಕೆಂಪು ಉಡಿ ತುಂಬಿಕೊಂಡು, ಮಾಬೂಬಿಯ ಹೆಗಲಿಗೆ ಕೈ ಹಾಕಿ, ಏನಕ್ಕೋ ಬಾಯಿ ತುಂಬ ನಗುತ್ತಿದ್ದಳು. ಹೆಂಗಸರು ಅವಳ ಸುತ್ತ ಮುತ್ತಿಕೊಂಡಿದ್ದರು. ತಮ್ಮನ ದೆಸೆಯಿಂದ ಅವಳನ್ನು ಹಿಂದಿನ ಸುಗ್ಗಿಯಿಂದ ಅವರು ಜೊತೆಗೆ ಕೂಡಿಸಿಕೊಂಡಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಭಾವ ಸತ್ತ ಮೇಲೆ ಅವಳು ಹಾಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ.

ಅಂದಿನಿಂದ ಅವನು ಆ ಮಾತು ಎತ್ತಲಿಲ್ಲ. ಹೊಟ್ಟೆಯ ಹುಣ್ಣು ಎಂದು ಹೇಳಿ ಖಾನಾವಳಿಯಲ್ಲಿ ಉಣ್ಣತೊಡಗಿದ. ಖಾನಾವಳಿಯ ಖಾರದಪುಡಿ ಯಾವ ಗಿರಣಿಯಿಂದ ಬರುತ್ತದೆ, ಆ ಗಿರಣಿ ಉಡಿ ತುಂಬಿ ಉಳಿದ ಕಾಯಿಯನ್ನು ಯಾವ ತೊಟ್ಟಿಯಿಂದ ಕೊಳ್ಳುತ್ತದೆ ಎಂಬುದು ತಿಳಿದ ಮೇಲೂ ಅಲ್ಲಿಯೇ ಉಂಡ. ಬೇರೆ ಎಲ್ಲಿ ಉಣ್ಣಬೇಕಿತ್ತು?

* * *

ಇನ್ನೆರಡು ಸುಗ್ಗಿ ಕಳೆದವು. ನೀಲವ್ವನಿಗೆ ಮೊದಲು ಊಟ ಸೇರಲಿಲ್ಲ. ಆಮೇಲೆ ಬಲಗಡೆ ಪಕ್ಕೆಯಲ್ಲಿ ಯಾರೋ ಕಲ್ಲು ಇಟ್ಟಂತೆ ಭಾರ ಎಂದಳು. ಕಣ್ಣು ಹಳದಿಯಾದಾಗ ಓಣಿಯವರು ಕಾಮಾಲೆ ಎಂದರು. ಮಾಬೂಬಿ ಪಕ್ಕದ ಊರಿನಿಂದ ಎಲೆಯ ಔಷಧ ತಂದು ಹಾಲಿನಲ್ಲಿ ಅರೆದು ಕುಡಿಸಿದಳು. ಕಣ್ಣು ತಿಳಿಯಾಗಲಿಲ್ಲ. ಕಾಲು ಬಾತವು.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಒಬ್ಬ ಹೆಂಗಸು, ಮಾತು ಮೈಸೂರಿನ ಕಡೆಯದು. ಹೊಟ್ಟೆ ಮುಟ್ಟಿ ನೋಡಿದರು, ಪರದೆಯ ಮೇಲಿನ ಚಿತ್ರ ನೋಡಿದರು. ಫಕ್ಕೀರೇಶನೂ ಆ ಚಿತ್ರವನ್ನು ನೋಡಿದ. ಚಿತ್ರ ಓದುವುದು ಅವನ ಕೆಲಸ. ಎಲ್ಲಿ ಕಪ್ಪಾಗಬಾರದೋ ಅಲ್ಲಿ ಕಪ್ಪಾಗಿತ್ತು, ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಡಾಕ್ಟರು ಕುರ್ಚಿಯನ್ನು ಅವರಿಬ್ಬರ ಕಡೆ ತಿರುಗಿಸಿಕೊಂಡು ಕೂತರು.

"ಅಮ್ಮಾ, ಕುಡಿಯೋ ಅಭ್ಯಾಸ ಏನಾದ್ರೂ ಇದೆಯಾ?"

"ಚಹಾ ಕುಡೀತೀನ್ರಿ," ಎಂದಳು ನೀಲವ್ವ.

ಡಾಕ್ಟರು ಮುಗುಳ್ನಕ್ಕರು. ಆಮೇಲೆ ನಗು ಹೋಯಿತು. "ನಿಮ್ಮ ಊರಿನ ಕಡೆಯಿಂದ ಹೀಗೇ ಬರ್ತಿದಾರೆ. ಹೆಚ್ಚಾಗಿ ಹೆಂಗಸರು. ರಕ್ತ ನೋಡಿದ್ರೆ ಸಾಮಾನ್ಯ ಕಾಮಾಲೆ ಅಲ್ಲ. ಊಟದಲ್ಲೇ ಏನೋ ಇದೆ ಅನ್ನೋದು ನನ್ನ ಅನುಮಾನ, ಏನು ಅಂತ ಸಿಕ್ತಿಲ್ಲ. ಬೂಷ್ಟು ಹಿಡಿದ ಶೇಂಗಾ, ಜೋಳ, ಆ ಥರದ್ದು ಏನಾದ್ರೂ ತಿಂತೀರಾ? ಯೋಚನೆ ಮಾಡಿ ಹೇಳಿ. ಇಂಥದ್ದು ಅಂತ ಗೊತ್ತಾದ್ರೆ ನಾನು ಸರ್ಕಾರಕ್ಕೆ ಬರೀತೀನಿ, ಬಂದು ನಿಲ್ಲಿಸ್ತಾರೆ. ಉಳಿದವರಾದ್ರೂ ಉಳೀತಾರೆ."

"ಇಲ್ರೀ ಡಾಕ್ಟರಬಾಯಾರ," ಎಂದಳು ನೀಲವ್ವ. ಬಾತ ಕಾಲುಗಳನ್ನು ಒಂದರ ಹಿಂದೊಂದು ಸರಿಸಿ ಸ್ವಲ್ಪ ನೆಟ್ಟಗೆ ಕೂತಳು. "ನಾವು ಬಡವರದೀವಿ ಖರೆ, ಆದ್ರ ಕೆಟ್ಟದ್ದು ತಿನ್ನೂದಿಲ್ರಿ. ಜ್ವಾಳ ಹಸನ ಮಾಡೂದು ನಾನ, ಕಾಯಿ ಆರಿಸೂದು ನಾನ. ನನ್ನ ಕೈ ದಾಟಿ ಕೆಟ್ಟದ್ದು ಒಲಿ ಮ್ಯಾಲೆ ಹೋಗೂದಿಲ್ಲ. ನಮ್ಮ ತಮ್ಮನ್ನ ಕೇಳ್ರಿ."

ಡಾಕ್ಟರು ಅವನ ಕಡೆ ನೋಡಿದರು. ಅವಳೂ ನೋಡಿದಳು.

ಫಕ್ಕೀರೇಶ ಇದನ್ನು ಯಾರಿಗಾದರೂ ಹೇಳಲು ವರ್ಷಗಳಿಂದ ಕಾದಿದ್ದ. ಕಾಯಿ ಸೀಳಿ ತೋರಿಸು ಎನ್ನದೆ ನಂಬುವ ಒಬ್ಬರು ಕೈಯಳತೆಯಲ್ಲಿ, ಪೆನ್ನು ಹಿಡಿದು ಕೂತಿದ್ದರು. ಒಂದೇ ಮಾತು. ಮಾಬೂಬಿಗೆ, ಅವಳ ಮೊಮ್ಮಕ್ಕಳಿಗೆ, ಓಣಿಗೆ, ಪೇಟೆಗೆ ಅಷ್ಟರಿಂದ ಏನಾದರೂ ಆಗುತ್ತಿತ್ತು. ಅದೇ ಮಾತಿನಿಂದ ಅಕ್ಕನಿಗೂ ತಿಳಿಯುತ್ತಿತ್ತು, ಇಲ್ಲಿ, ಈ ಕುರ್ಚಿಯ ಮೇಲೆ, ಪರರ ಎದುರಿಗೆ: ತನ್ನ ಕೈಯೇ ಆರಿಸಿ, ತನ್ನ ಕೈಯೇ ಅರೆದು, ಹೊಸ್ತಿಲ ಮೇಲೆ ಉಡಿ ಸುರಿದು ಮರಳಿ ಪಡೆದುಕೊಂಡದ್ದು ಯಾವುದು ಎಂದು. ಅವಳ ಹಳದಿ ಕಣ್ಣುಗಳು ಅವನ ಮುಖದ ಮೇಲೆಯೇ ಇದ್ದವು. ಅವುಗಳಲ್ಲಿ ಭಯವಿರಲಿಲ್ಲ. ಅವನು ಹೌದು ಎನ್ನುತ್ತಾನೆ ಎಂಬ ನಂಬಿಕೆಯೊಂದೇ ಇತ್ತು.

"ಹೌದ್ರಿ ಮೇಡಂ," ಎಂದ ಅವನು. "ನಮ್ಮ ಮನ್ಯಾಗ ಎಲ್ಲಾ ಚಲೋದ ಇರತೈತ್ರಿ."

ಡಾಕ್ಟರು ಗುಳಿಗೆ ಬರೆದುಕೊಟ್ಟು, ನೋವಾದಾಗ ಮಾತ್ರ ಕೊಡಿ, ಬೇರೇನೂ ಬೇಡ ಎಂದರು. ತಮ್ಮ ಫೋನ್ ನಂಬರನ್ನೂ ಅದೇ ಚೀಟಿಯ ಮೇಲೆ ಬರೆದರು. ಏನಾದರೂ ನೆನಪಾದರೆ ಯಾವಾಗ ಬೇಕಾದರೂ ಹೇಳಿ ಎಂದರು.

ಬಸ್ಸಿನಲ್ಲಿ ನೀಲವ್ವ ಕಿಟಕಿಯ ಪಕ್ಕ ಕೂತಿದ್ದಳು. "ಆ ಡಾಕ್ಟರಬಾಯಿ ಚಲೋ ಅದಾಳ," ಎಂದಳು. ತುಸು ದೂರ ಹೋದ ಮೇಲೆ, "ಎಲ್ಲಾರ್ನೂ ಹಂಗ ಕೇಳ್ತಾರೇನೋ ಪಕೀರಾ, ಏನ್ ತಿಂತೀರಿ ಅಂತ?" ಎಂದಳು.

"ಎಲ್ಲಾರ್ನೂ ಕೇಳ್ತಾರಕ್ಕಾ."

ಅವಳು ಆ ಸುಗ್ಗಿ ಮುಗಿಯುವ ಮೊದಲೇ ಹೋದಳು. ಮಣ್ಣು ಮುಗಿಸಿ ಬಂದ ಮೂರನೆಯ ದಿನ ಅವನು ಯಂತ್ರದ ಕೋಣೆಗೆ ಹೋಗಿ ಕೂತ. ಮುಂದಿನ ಚಳಿಗಾಲದಲ್ಲಿ ಮಾಬೂಬಿಯ ಕಣ್ಣು ಹಳದಿಯಾಯಿತು. ಚೀಟಿ ಅವನ ಕಿಸೆಯಲ್ಲಿಯೇ ಇತ್ತು, ನಂಬರು ಬಾಯಿಪಾಠವಾಗಿತ್ತು. ಆ ನಂಬರು ಒತ್ತಿದರೆ ಸತ್ತ ಅಕ್ಕನ ಕೈ ಸುಳ್ಳಾಗುತ್ತಿತ್ತು.

ಉಡಿಗಾಯಿಯಲ್ಲಿ ವಿಷವಿದೆ ಎಂಬುದನ್ನು ಫಕ್ಕೀರೇಶ ಆ ಡಾಕ್ಟರಿಗೆ ಹೇಳಲೇ ಇಲ್ಲ.